ಗಣ್ಯರ ಪತ್ರಸಂಗ್ರಹ: ನಂದಿಬೆಟ್ಟದ ಒಂದು ನಿದರ್ಶನ

ಗಣ್ಯರು ಪರಸ್ಪರ ಬರೆದ ಖಾಸಗಿ ಪತ್ರಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಸಹಿಗೇ ಬೆಲೆ ಕಟ್ಟುತ್ತಾರೆ. ಸಂಶೋಧಕರಿಗಾದರೋ ಪತ್ರದ ಸ್ಥಳ, ದಿನಾಂಕ ಹಾಗೂ ಮಾರೋಲೆಗಳೂ ಅಷ್ಟೇ ಮುಖ್ಯ.

ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದಲ್ಲಿ 1927ರ ಬೇಸಗೆಯಲ್ಲಿ ಗಾಂಧೀಜಿ ಅನಾರೋಗ್ಯದ ನಿಮಿತ್ತ ವಿಶ್ರಮಿಸುತ್ತಿದ್ದರು. ಆಗ ಯುರೋಪಿನಲ್ಲಿದ್ದ ಜವಾಹರಲಾಲ್ ನೆಹರೂ ಅವರಿಗೆ ಮೇ 25ರಂದು ಇಲ್ಲಿಂದ ಬರೆದ ಪತ್ರದಲ್ಲಿ ಕಾಂಗ್ರೆಸ್ ಅಧ್ಯಕ್ಷತೆಯ ಪ್ರಸ್ತಾಪವಿದೆ. ವಿಶ್ರಾಂತಿಧಾಮವೂ ರಾಜಕೀಯ ಸಮಾಲೋಚನೆಯ ನೆಲೆಯಾಗಿತ್ತೆಂಬುದನ್ನು ತಿಳಿಸುವುದು ಸಹಿಯಲ್ಲ, ಸ್ಥಳಸೂಚನೆ. ಈ ಪತ್ರ ನೆಹರೂ ಅವರು 1958ರಲ್ಲಿ ಪ್ರಕಟಿಸಿದ ‘ಎ ಬಂಚ್ ಆಫ್ ಓಲ್ಡ್ ಲೆಟರ್ಸ್’ ಸಂಕಲನದಲ್ಲಿ ಸೇರಿದೆ. ಪತ್ರ ಉಳಿಯುವುದು ಸಾಮಾನ್ಯವಾಗಿ ಬರೆದವರಲ್ಲಲ್ಲ, ಪಡೆದವರಲ್ಲಿ. ಆದುದರಿಂದ ನಂದಿಯ ಪತ್ರಗಳನ್ನು ವಿಳಾಸದಾರರ ಸಂಗ್ರಹಗಳಲ್ಲಿ ಅರಸಬೇಕು.

ಮಾರೋಲೆ ಇಲ್ಲವಾದರೆ ಸಂವಾದ ಅರ್ಧವಾಗುತ್ತದೆ. ಹರ್ಮನ್ ಕಾಲೆನ್‌ಬಾಖ್ ಅವರಿಗೆ ಗಾಂಧೀಜಿ ಬರೆದ ಪತ್ರಗಳಿದ್ದ ಸಂಗ್ರಹವನ್ನು ಭಾರತ ಸರ್ಕಾರ 2012ರಲ್ಲಿ ಹರಾಜಿಗೆ ಮುನ್ನವೇ ಖರೀದಿಸಿತು. ಆದರೆ ಕಾಲೆನ್‌ಬಾಖ್ ತಮಗೆ ಬರೆದಿದ್ದ ಪತ್ರಗಳನ್ನು ಗಾಂಧೀಜಿಯೇ ನಾಶಪಡಿಸಿದ್ದರು. ಆ ಸಂವಾದದಲ್ಲಿ ಅವರ ದನಿ ಇಂದು ಬಹುಮಟ್ಟಿಗೆ ಊಹೆಗಷ್ಟೇ ಲಭ್ಯ.

ಸಹಿಗಾಗಿ ಹಾಳೆಗಳನ್ನು ಬಿಡಿಬಿಡಿಯಾಗಿ ಮಾರುವುದರಿಂದಲೂ ಇಂಥದೇ ನಷ್ಟವಾಗುತ್ತದೆ. ಸಂಗ್ರಾಹಕರು ಲಕೋಟೆ, ಅಂಚೆಮುದ್ರೆಗಳನ್ನು ಪತ್ರದಿಂದ ಬೇರ್ಪಡಿಸದೆ, ಮಾರೋಲೆಯಿರುವ ನೆಲೆಯನ್ನೂ ದಾಖಲಿಸುವುದು ಅವಶ್ಯ.