ಜಲಸಸ್ಯ, ಸೂಕ್ಷ್ಮಜೀವಿ ಮತ್ತು ಕಾರ್ಖಾನೆಯ ತ್ಯಾಜ್ಯನೀರು

ಜೊಂಡು ನೆಟ್ಟರೆ ಕಾರ್ಖಾನೆಯ ಕೊಳಚೆನೀರು ತಾನಾಗಿ ತಿಳಿಯಾಗುವುದೆಂದು ಕೆಲವರು ಭಾವಿಸುವುದುಂಟು. ವಾಸ್ತವದಲ್ಲಿ ಕೆಲಸದ ಬಹುಪಾಲನ್ನು ನಿರ್ವಹಿಸುವುದು ಸಸ್ಯವಲ್ಲ. ಅದರ ಬೇರಿಗೂ ಜಲ್ಲಿಕಲ್ಲಿಗೂ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳು.

ಜೊಂಡಿನೊಳಗಿನ ಗಾಳಿನಾಳಗಳ ಮೂಲಕ ಆಮ್ಲಜನಕವು ಬೇರಿಗಿಳಿದು ಅಲ್ಪಸ್ವಲ್ಪ ಹೊರಸೂಸುತ್ತದೆ. ಆ ತೆಳು ವಲಯದಲ್ಲಿ ಬ್ಯಾಕ್ಟೀರಿಯಾಗಳು ಸಾವಯವ ಕಶ್ಮಲವನ್ನು ವಿಘಟಿಸಿ, ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ತುಸು ದೂರದಲ್ಲಿ, ಆಮ್ಲಜನಕವಿಲ್ಲದೆಡೆ, ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಇದಕ್ಕೆ ನೀರು ಕೆಲವು ದಿನಗಳಾದರೂ ನಿಲ್ಲಬೇಕು, ಆದುದರಿಂದ ವಿಶಾಲವಾದ ಜಾಗ ಬೇಕು. ಕೈಗಾರಿಕಾ ವಸಾಹತಿನ ಚಿಕ್ಕ ನಿವೇಶನದಲ್ಲಿ ಇದೇ ದೊಡ್ಡ ತೊಡಕು.

ಡೇರಿ, ಆಹಾರ ಸಂಸ್ಕರಣೆ, ಕ್ಯಾಂಟೀನುಗಳ ನೀರಿಗೆ ಈ ವಿಧಾನ ಒಗ್ಗುತ್ತದೆ. ಎಣ್ಣೆ ಜಿಡ್ಡನ್ನು ಮಾತ್ರ ಮೊದಲೇ ತೆಗೆಯತಕ್ಕದ್ದು. ಎಲೆಕ್ಟ್ರೋಪ್ಲೇಟಿಂಗ್ ಘಟಕದ ಮಾತು ಬೇರೆ. ಕ್ರೋಮಿಯಂ ಕೊಳೆತು ಇಲ್ಲವಾಗುವ ವಸ್ತುವಲ್ಲ. ಸಾಂದ್ರತೆ ಹೆಚ್ಚಿದರೆ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ. ಅಂತರಗಂಗೆಯಂಥ ಗಿಡ ಅದನ್ನು ಬೇರಿನಲ್ಲಿ ಹೀರಿಕೊಂಡರೂ, ಗಿಡ ಕೊಳೆತಾಗ ಲೋಹವು ಮರಳಿ ನೀರು ಸೇರುತ್ತದೆ. ಕಿತ್ತು ತೆಗೆದರೋ, ಆ ಗಿಡವೇ ವಿಷತ್ಯಾಜ್ಯ, ಗೊಬ್ಬರಕ್ಕೆ ಬಾರದು. ಹೊಳೆ ಕೆರೆಗಳಿಗೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಜೊಂಡನ್ನು ನಂಬಿ ಪಾಲಿಸಲಾಗದು. ರಾಸಾಯನಿಕ ಸಂಸ್ಕರಣೆ ಮೊದಲು ನಡೆಯಲೇಬೇಕು. ಸಲಹೆಗಾರರು ಹಸಿರು ಗಿಡಗಳ ಚಿತ್ರ ತೋರಿಸುವ ಮುನ್ನ ನಿಮ್ಮ ನೀರಿನ ಪರೀಕ್ಷಾ ವರದಿಯನ್ನು ಕೇಳದಿದ್ದರೆ ಅನುಮಾನಿಸುವುದು ಲೇಸು.

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿಯೂ ಕ್ರಮ ಇದೇ: ಒಳಚರಂಡಿ ನೀರು ಮೊದಲು ಶುದ್ಧೀಕರಣ ಘಟಕಕ್ಕೆ, ಆಮೇಲೆ ಜೊಂಡು ಬೆಳೆದ ಜೌಗಿಗೆ, ಕಡೆಗೆ ಕೆರೆಗೆ.