ಲಗ್ನಪತ್ರಿಕೆ ಕೊಡುವ ಮೊದಲು

ಮೇಡಂ,

ನಮ್ಮದು ಕನಕಪುರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ಇದೆ, ಹಿತ್ತಲಲ್ಲಿ ರೇಷ್ಮೆ ಹುಳದ ಮನೆ ಇದೆ. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಚಾಕಿ ಹುಳಕ್ಕೆ ಸೊಪ್ಪು ಹೆಚ್ಚುವುದನ್ನು ಕಲಿಸಿದ್ದು ಪಕ್ಕದ ಮನೆ ಅಕ್ಕ. ನನ್ನ ಮಗಳು ಅರ್ಧ ಬೆಳೆದದ್ದೇ ಅವರ ಮನೇಲಿ. ಅವರ ಯಜಮಾನರನ್ನು ನಾನು ಭಾವ ಅಂತಲೇ ಕರೆಯುತ್ತಿದ್ದೆ.

2020ರಲ್ಲಿ ಮೊದಲ ಲಾಕ್‌ಡೌನ್ ಆದಾಗ ಎರಡೂ ಮನೆಯವರು ಹಿತ್ತಲಲ್ಲಿ ದೂರ ದೂರ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾ ದಿನ ಕಳೆದೆವು. ಗೂಡಿನ ರೇಟು ಬಿದ್ದಾಗ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೆವು. 2021ರ ಮೇ ತಿಂಗಳಲ್ಲಿ ಭಾವನಿಗೆ ಕೋವಿಡ್ ಪಾಸಿಟಿವ್ ಬಂತು. ನಮ್ಮ ಅತ್ತೆಗೆ ಆಗಲೇ ಎಪ್ಪತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ನನ್ನ ಯಜಮಾನರು ಅವರ ಕಡೆಯ ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿದರು. ನಾನು ಬೇಡ ಅನ್ನಲಿಲ್ಲ. ನಾಲ್ಕು ದಿನ ಗೋಡೆಯಾಚೆಯಿಂದ ಭಾವನ ಕೆಮ್ಮು ಕೇಳಿಸುತ್ತಿತ್ತು. ಒಂದು ಸಲ ಅಕ್ಕ ಹಿತ್ತಲಿಂದ ನನ್ನ ಹೆಸರು ಹಿಡಿದು ಕೂಗಿದರು. ನಾನು ಒಳಗೇ ಇದ್ದೆ. ಓಗೊಡಲಿಲ್ಲ.

ಐದನೇ ದಿನ ಆಂಬುಲೆನ್ಸ್ ಬಂತು. ಭಾವ ವಾಪಸ್ ಬರಲಿಲ್ಲ. ಅವರ ಹೊಲದಲ್ಲೇ ಮಣ್ಣು ಮಾಡಿದರು. ನಾನು ಹಾಲುತುಪ್ಪಕ್ಕೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ಆಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ದಿನ ತಳ್ಳಿದೆ. ಈಗ ಎದುರಾದರೆ ಅಕ್ಕ ಬೇರೆ ಕಡೆ ನೋಡುತ್ತಾರೆ.

ಮುಂದಿನ ತಿಂಗಳು ಮಗಳ ಮದುವೆ. ‘ದೊಡ್ಡಮ್ಮ ಬರದಿದ್ರೆ ನಂಗೆ ಸಮಾಧಾನ ಇಲ್ಲ’ ಅಂತಾಳೆ ಅವಳು. ಯಜಮಾನರು, ‘ಆಗ ಎಲ್ರೂ ಹಂಗೇ ಮಾಡಿದ್ದು, ಈಗ್ಯಾಕೆ ಕೆದಕ್ತೀಯ, ಪತ್ರಿಕೆ ಕೊಟ್ಟು ಬಾ, ಬಂದ್ರೆ ಬರಲಿ’ ಅಂತಾರೆ. ಪತ್ರಿಕೆ ಹಿಡಿದು ಆ ಹೊಸಿಲು ಹೇಗೆ ತುಳಿಯಲಿ? ರಾತ್ರಿ ಎಚ್ಚರವಾದರೆ ಈಗಲೂ ಆ ಕೆಮ್ಮು ಕೇಳಿಸಿದ ಹಾಗಾಗುತ್ತೆ. ದಾರಿ ತೋರಿಸಿ.

– ಹೆಸರು ಬೇಡ, ಕನಕಪುರ ತಾಲ್ಲೂಕು

ಸೋದರಿ,

ಪತ್ರಿಕೆ ಹಿಡಿದು ಹೋಗಬೇಡಿ. ಮೊದಲು ಬರಿಗೈಯಲ್ಲಿ ಹೋಗಿ.

ಆ ಮನೆಗೆ ನೀವು ಹೋಗಬೇಕಾದದ್ದು ಎರಡು ಸಲ. ಒಂದು ಭಾವ ತೀರಿಕೊಂಡದ್ದಕ್ಕೆ, ಇನ್ನೊಂದು ಮಗಳ ಮದುವೆಗೆ ಕರೆಯಲು. ಮೊದಲನೆಯದು ಬಾಕಿ ಇರುವಾಗ ಎರಡನೆಯದಕ್ಕೆ ಹೋದರೆ, ಕಾಯಿಲೆಯಲ್ಲಿ ಬೇಡವಾದ ನಾನು ಈಗ ಇವರ ಚಪ್ಪರ ತುಂಬಿಸಲು ಬೇಕಾದೆನಾ ಎಂದು ಅಕ್ಕನಿಗೆ ಅನ್ನಿಸುತ್ತದೆ. ಹಾಗೆ ಅನ್ನಿಸಿದರೆ ತಪ್ಪೂ ಅಲ್ಲ. ನಮ್ಮ ಕಡೆ ಮದುವೆಗೆ ಯಾರು ಬಂದರು ಅನ್ನುವುದನ್ನು ಜನ ಮರೆತಾರು, ಸಾವಿಗೆ ಯಾರು ಬರಲಿಲ್ಲ ಅನ್ನುವುದನ್ನು ಮರೆಯುವುದಿಲ್ಲ. ಎಷ್ಟು ವರ್ಷ ತಡವಾದರೂ ಆ ಮೊದಲ ಭೇಟಿಯನ್ನು ಮೊದಲೇ ಮುಗಿಸಬೇಕು, ಎರಡನ್ನೂ ಬೆರೆಸಬಾರದು.

ಹೋಗುವ ಮುನ್ನ, ಯಾವುದಕ್ಕೆ ಕ್ಷಮೆ ಕೇಳಬೇಕು, ಯಾವುದಕ್ಕೆ ಬೇಕಿಲ್ಲ ಎಂಬುದನ್ನು ನಿಮ್ಮೊಳಗೇ ಬಿಡಿಸಿಕೊಳ್ಳಿ. ಇಷ್ಟು ವರ್ಷ ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ತಿದ್ದೀರಿ. ಅದಕ್ಕೇ ಅದು ಅಷ್ಟು ಭಾರ.

ಹೆದರಿದ್ದಕ್ಕೆ ಕ್ಷಮೆ ಕೇಳಬೇಕಿಲ್ಲ. ಆ ಮೇ ತಿಂಗಳನ್ನು ನೆನೆದುಕೊಳ್ಳಿ. 2ರ ರಾತ್ರಿ ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ, 24 ರೋಗಿಗಳು ಸತ್ತ ಸುದ್ದಿ ಬೆಳಗಾಗುವುದರೊಳಗೆ ಮನೆಮನೆ ಮುಟ್ಟಿತ್ತು. ಬೆಂಗಳೂರಿನಲ್ಲಿ ಹಾಸಿಗೆ ಸಿಗುತ್ತಿರಲಿಲ್ಲ, ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು ನಿಂತಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆಯಿಂದ ದಿನವೂ ಬೆಂಗಳೂರಿಗೆ ಹೋಗಿ ಬರುವವರಿದ್ದರು. ಹಾಗಾಗಿ ಆ ಸುದ್ದಿ ನಮಗೆ ದೂರದೂರಿನದಾಗಿರಲಿಲ್ಲ. ನಿಮ್ಮ ವಯಸ್ಸಿನವರಿಗೆ ಲಸಿಕೆ ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ, ಬೆಳೆಯುವ ಮಗಳು. ಹೆತ್ತವರ ಚಿತಾಭಸ್ಮ ಪಡೆಯಲೂ ಹೆದರಿದವರಿದ್ದ ಕಾಲ ಅದು. ಯಾರೂ ಬಂದು ಪಡೆಯದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಸರ್ಕಾರವೇ ಆ ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತು. ಅಂಥ ದಿನಗಳಲ್ಲಿ ಕಿಟಕಿ ಮುಚ್ಚಿದ ನೀವು ಕೆಟ್ಟ ಹೆಂಗಸಲ್ಲ.

ಮಣ್ಣಿಗೆ ಹೋಗದ್ದಕ್ಕೂ ನಿಮ್ಮನ್ನು ದೂರಲಾಗದು. ಅಂತ್ಯಸಂಸ್ಕಾರಕ್ಕೆ ಐದೇ ಜನ ಇರಬೇಕೆಂಬ ಆದೇಶವಿತ್ತು. ಮೇ 10ರಿಂದಂತೂ ರಾಜ್ಯಕ್ಕೆ ರಾಜ್ಯವೇ ಬಾಗಿಲು ಹಾಕಿಕೊಂಡಿತು.

ಹಾಗಾದರೆ ಅಕ್ಕನಿಗೆ ನೋವಾದದ್ದು ಎಲ್ಲಿ? ಹುಳ ಸಾಕುವವರು ನೀವು, ಇದು ನನಗಿಂತ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಬಿಟ್ಟ, ಹುಳ ಮನೆಗೆ ಬಂದ ದಿನದಿಂದ ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿರುತ್ತೀರಿ. ಹಾಲುರೋಗವೋ ಸುಣ್ಣಕಟ್ಟೋ ಯಾರ ಕಾಲಿನ ಜೊತೆ ಬರುತ್ತದೋ ಎಂಬ ಭಯ. ಖುದ್ದು ಅಣ್ಣನೇ ಬಂದರೂ ‘ಹುಳ ಇಟ್ಟಿದ್ದೀವಿ, ಒಳಗೆ ಬರಬೇಡಣ್ಣ, ಜಗಲಿ ಮೇಲೆ ಕೂತ್ಕೊ’ ಅನ್ನುತ್ತೀರಿ. ಅವನಿಗೆ ಬೇಜಾರಾಗುವುದಿಲ್ಲ. ಯಾಕೆಂದರೆ ಬರಬೇಡ ಅಂದದ್ದರ ಜೊತೆಗೇ ಕೂತ್ಕೊ ಅಂದಿರುತ್ತೀರಿ. ರೋಗ ಮನೆಯೊಳಗೆ ಬಾರದ ಹಾಗೆ ದೂರ ಇಡುವುದು ನಮ್ಮ ಸೀಮೆಗೆ ಹೊಸದಲ್ಲ, ಅದರಿಂದ ನಂಟು ಮುರಿಯುವುದೂ ಇಲ್ಲ. ಆ ಮೇ ತಿಂಗಳಲ್ಲಿ ನೀವು ದೂರ ಇದ್ದಿರಿ, ಅದು ಸರಿ. ದೂರದಿಂದಲೇ ಒಂದು ಮಾತು ಹೇಳಲಿಲ್ಲ, ನೋವಾದದ್ದು ಅದು. ಬಯಲಲ್ಲಿ, ಮುಖಕ್ಕೆ ಮಾಸ್ಕ್ ಇಟ್ಟು, ಹತ್ತು ಹೆಜ್ಜೆ ಆಚೆಯಿಂದ ‘ಅಕ್ಕಾ, ಏನು ಬೇಕು?’ ಎಂದಿದ್ದರೆ ನಿಮ್ಮ ಅತ್ತೆಗೆ ಅದರಿಂದ ಅಪಾಯವೇನೂ ಆಗುತ್ತಿರಲಿಲ್ಲ. ನೀವು ಕ್ಷಮೆ ಕೇಳಬೇಕಾದದ್ದು ಎರಡಕ್ಕೆ: ಅಕ್ಕ ಕೂಗಿದಾಗ ಓಗೊಡದ್ದಕ್ಕೆ, ಕಾಯಿಲೆಯ ಭಯ ಕಳೆದ ಮೇಲೂ ಸುಮ್ಮನೇ ಉಳಿದದ್ದಕ್ಕೆ. ಹೆಚ್ಚು ನೋಯಿಸಿರುವುದು ಎರಡನೆಯದೇ ಇರಬಹುದು. ಮೊದಲನೆಯದಕ್ಕೆ ಭಯ ಕಾರಣವೆಂದು ಅಕ್ಕನಿಗೂ ಗೊತ್ತು. ಎರಡನೆಯದಕ್ಕೆ ಕಾರಣ ಏನೆಂದು ಅವರಿಗೆ ಯಾರೂ ಹೇಳಿಲ್ಲ.

ಆ ದಿನಗಳನ್ನು ಗೋಡೆಯಾಚೆ ನಿಂತು ಒಮ್ಮೆ ನೋಡಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರೋ ನೆರೆಯವರೋ ಮುದ್ದೆ ಸಾರು ಮಾಡಿ ತರುತ್ತಾರೆ, ಬಲವಂತ ಮಾಡಿ ಎರಡು ತುತ್ತು ತಿನ್ನಿಸುತ್ತಾರೆ. ಅಕ್ಕನ ಮನೆಗೆ ಆ ಮುದ್ದೆ ಬಂತೋ ಇಲ್ಲವೋ. ಹೆಗಲಿಗೆ ಒರಗಿಸಿಕೊಂಡು ಅಳಲು ಬಿಡುವವರು ಇರಲಿಲ್ಲ. ಆಮೇಲೆ ಕಾಗದಪತ್ರದ ಅಲೆದಾಟ. ಮರಣ ಪತ್ರ, ಕೋವಿಡ್ ವರದಿ, ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ ಘೋಷಿಸಿದ 1 ಲಕ್ಷ ರೂಪಾಯಿ, ವಿಪತ್ತು ನಿಧಿಯ 50 ಸಾವಿರ. ಇವುಗಳಿಗೆ ಅರ್ಜಿ ಹಿಡಿದು ಎಷ್ಟೋ ಹೆಂಗಸರು ಒಬ್ಬೊಬ್ಬರೇ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದರು. ನಿಮ್ಮ ಅಕ್ಕನ ಜೊತೆ ಯಾರು ಹೋದರು? ಯಜಮಾನರಿಲ್ಲದೆ ಮುಂದಿನ ಬೆಳೆಗೆ ಸೊಪ್ಪು ಕೊಯ್ದವರು ಯಾರು? ಗೂಡನ್ನು ರಾಮನಗರಕ್ಕೆ ಹಾಕಿದವರು ಯಾರು? ನಿಮಗೆ ಉತ್ತರ ಗೊತ್ತಿಲ್ಲವಾದರೆ, ಕೇಳಲಾದರೂ ನೀವು ಹೋಗಬೇಕು.

ಹೇಗೆ ಹೋಗಬೇಕೆಂದರೆ, ಒಬ್ಬರೇ ಹೋಗಿ. ಅವರ ಮನೆಯಲ್ಲಿ ಬೇರೆಯವರಿಲ್ಲದ ಹೊತ್ತು ನೋಡಿ. ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಬೇಡ, ಕೈಗೆ ಬಿಡುವಿಲ್ಲದಾಗ ಮನಸ್ಸಿಗೂ ಬಿಡುವಿರುವುದಿಲ್ಲ. ಹಣ್ಣು, ಹೂವು, ಅರಿಶಿನ ಕುಂಕುಮ ಯಾವುದೂ ಬೇಡ. ಮಗಳನ್ನೂ ಕರೆದೊಯ್ಯಬೇಡಿ, ಅವಳ ಮುಖ ನೋಡಿ ಅಕ್ಕ ತಮ್ಮ ಮಾತು ನುಂಗಿಕೊಳ್ಳುವ ಹಾಗಾಗಬಾರದು. ಹೀಗೆ ಹೇಳಿ: ‘ಅಕ್ಕಾ, ಭಾವ ಹೋದಾಗ ನಾನು ಬರಲಿಲ್ಲ. ನೀನು ಕೂಗಿದ್ದು ನನಗೆ ಕೇಳಿಸ್ತು, ಓಗೊಡಲಿಲ್ಲ. ಆಮೇಲೂ ಬರಲಿಲ್ಲ. ತಪ್ಪಾಯ್ತು.’ ಇಷ್ಟೇ ಸಾಕು. ಇದರ ಹಿಂದೆ ‘ಆದರೆ ಅತ್ತೆಗೆ’ ಎಂದು ಸೇರಿಸಬೇಡಿ, ಯಜಮಾನರ ಮೇಲೆ ಹಾಕಬೇಡಿ, ‘ಎಲ್ಲರೂ ಹಾಗೇ’ ಅನ್ನಬೇಡಿ. ಕೇಳಿಸಿತ್ತು ಎಂದು ಒಪ್ಪಿಕೊಳ್ಳುವುದು ಕಷ್ಟ. ಆದರೂ ಅದನ್ನು ಬಿಡಬೇಡಿ. ಅವಳಿಗೆ ಕೇಳಿಸಿತ್ತೋ ಇಲ್ಲವೋ ಎಂಬ ಪ್ರಶ್ನೆ ಅಕ್ಕನನ್ನು ಇಷ್ಟು ವರ್ಷ ಕೊರೆದಿರಬಹುದು.

ಆಮೇಲೆ ಮಾತು ಅಕ್ಕನದು. ಬೈದರೆ ಬೈಯಿಸಿಕೊಳ್ಳಿ. ಅತ್ತರೆ ಪಕ್ಕದಲ್ಲಿ ಕೂತಿರಿ. ಆಸ್ಪತ್ರೆಯಲ್ಲಿ ಏನಾಯಿತು, ಕೊನೆಗೆ ಭಾವನ ಮುಖ ನೋಡಲು ಬಿಟ್ಟರೋ ಇಲ್ಲವೋ, ಎಲ್ಲವನ್ನೂ ಅವರು ಹೇಳುವಷ್ಟು ಹೇಳಲಿ. ತಿಥಿಯ ದಿನ ಹತ್ತು ಜನ ಕೂತು ಕೇಳಬೇಕಿದ್ದ ಕಥೆ ಅದು, ಆಗ ಕೇಳುವವರು ಬರಲಿಲ್ಲ. ಭಾವನ ಬಗ್ಗೆ ನಿಮಗೆ ನೆನಪಿರುವ ಒಂದು ಒಳ್ಳೆಯ ಸಂಗತಿ ಹೇಳಿ, ನಿಮ್ಮ ಮಗಳನ್ನು ಅವರು ಎತ್ತಿ ಆಡಿಸಿದ್ದೋ, ಬೆಳೆ ಕೈಕೊಟ್ಟಾಗ ನೆರವಾದದ್ದೋ. ಅಕ್ಕ ಒಪ್ಪಿದರೆ ಹೊಲಕ್ಕೆ ಹೋಗಿ ಸಮಾಧಿಗೆ ಕೈಮುಗಿದು ಬನ್ನಿ.

‘ಮದುವೆ ಅಂತ ಬಂದ್ಯಾ?’ ಎಂದು ಅವರು ಕೇಳಬಹುದು. ಇಲ್ಲ ಅನ್ನಬೇಡಿ. ‘ಮದುವೆ ಬಂದ ಮೇಲೆ ನೀನಿಲ್ಲದೆ ಹೆಂಗೆ ಮಾಡಲಿ ಅನ್ನಿಸ್ತು. ಮೊದಲೇ ಬರಬೇಕಿತ್ತು, ಬರಲಿಲ್ಲ’ ಅನ್ನಿ. ನಿಜ ಕಹಿಯಾದರೂ ಅಕ್ಕ ಅದನ್ನು ಗುರುತಿಸುತ್ತಾರೆ. ಬಾಗಿಲು ಹಾಕಿಕೊಂಡರೆ ‘ಇನ್ನೊಂದು ದಿನ ಬರ್ತೀನಿ ಅಕ್ಕ’ ಎಂದು ಹೇಳಿ ಬನ್ನಿ, ಹೇಳಿದ ಹಾಗೆ ಹೋಗಿ. ನಡುವೆ ಬೇರೆಯವರ ಕೈಲಿ ಹೇಳಿ ಕಳಿಸಬೇಡಿ.

ನಾಲ್ಕಾರು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಪತ್ರಿಕೆ ಹಿಡಿದು ಹೋಗಿ, ಈ ಸಲ ಮಗಳೂ ಬರಲಿ. ಇಲ್ಲೊಂದು ಎಚ್ಚರಿಕೆ ಬೇಕು. ಯಜಮಾನರಿಲ್ಲದ ಹೆಂಗಸೆಂದು ಕುಂಕುಮದ ತಟ್ಟೆ ಅವರನ್ನು ದಾಟಿ ಮುಂದೆ ಹೋಗಬಾರದು. ಮದುವೆ ಮನೆಯಲ್ಲಿ ಅವರನ್ನು ಹಿಂದಿನ ಸಾಲಿನ ಕುರ್ಚಿಗೆ ತಳ್ಳಬಾರದು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲೇ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ದೇವರ ಮುಂದೆ ಆಗುವುದು ಚಪ್ಪರದ ಕೆಳಗೆ ಆಗಬಾರದೇಕೆ? ಮಗಳಿಗೆ ಅರಿಶಿನ ಹಚ್ಚಲು ಬಾ ಎಂದು ಕರೆಯಿರಿ. ಬೇಡವೆಂದರೆ ಅದು ಅವರ ಇಷ್ಟ, ಆದರೆ ಕರೆಯದೆ ಇರಬೇಡಿ. ಅವರು ಮದುವೆಗೇ ಬಾರದಿದ್ದರೆ ಅದನ್ನೂ ಒಪ್ಪಿಕೊಳ್ಳಿ. ಕ್ಷಮೆ ಕೇಳುವುದು ನಿಮ್ಮ ಪಾಲಿನ ಕೆಲಸ, ಯಾವಾಗ ಕ್ಷಮಿಸಬೇಕೆಂಬುದು ಅವರಿಗೆ ಸೇರಿದ್ದು. ಮದುವೆ ಮುಗಿದ ಮೇಲೂ ಹೋಗಿ ಬರುತ್ತಿರಿ. ಮಹಾಲಯ ಅಮಾವಾಸ್ಯೆಯಲ್ಲಿ ಭಾವನಿಗೆ ಎಡೆ ಇಡುವಾಗ ಅಡುಗೆಗೆ ಕೈಜೋಡಿಸಿ. ಅವರ ಹುಳ ಹಣ್ಣಾದಾಗ ಆಳು ಸಾಲದಿದ್ದರೆ ಕರೆಯುವವರೆಗೆ ಕಾಯಬೇಡಿ.

ನಿಮ್ಮ ಯಜಮಾನರಿಗೆ ಒಂದು ಮಾತು. ಆಗ ಎಲ್ಲರೂ ಹಾಗೇ ಮಾಡಲಿಲ್ಲ. ಆಶಾ ಕಾರ್ಯಕರ್ತೆಯರು ಸೋಂಕಿತರ ಮನೆ ಬಾಗಿಲಿಗೆ ಹೋಗಿ ಆಕ್ಸಿಮೀಟರ್ ಹಿಡಿದು ನೋಡಿದರು, ಮಾತ್ರೆ ಕೊಟ್ಟರು. ಪಿಪಿಇ ಕಿಟ್ ತೊಟ್ಟ ಹುಡುಗರು ಗುರುತಿಲ್ಲದವರನ್ನೂ ಮಣ್ಣು ಮಾಡಿದರು. ಕೆದಕಬೇಡ ಅನ್ನುವ ಅವರ ಮಾತಿನ ಹಿಂದೆ ಕಲ್ಲು ಮನಸ್ಸಿದೆ ಎಂದು ನನಗೆ ಅನ್ನಿಸುವುದಿಲ್ಲ. ಕಿಟಕಿಗೆ ಬಟ್ಟೆ ತುರುಕಿದ ಕೈ ಅವರದು, ಅವರಿಗೂ ನೋವಿರಬಹುದು. ನೀವು ಹೋಗಿ ಬಂದ ಮೇಲೆ ಅಲ್ಲಿ ನಡೆದದ್ದನ್ನು ಹೇಳಿ, ಅವರೂ ಮಾತಾಡಲಿ.

ರಾತ್ರಿ ಕೇಳುವ ಕೆಮ್ಮಿನ ಬಗ್ಗೆ. ಕೇಳಿಯೂ ಏನೂ ಮಾಡಲಾಗದೆ ಕೂತ ದಿನಗಳು ಹೀಗೆ ವರ್ಷಗಟ್ಟಲೆ ಕಾಡುವುದುಂಟು, ಅದು ಹುಚ್ಚಲ್ಲ. ಅಕ್ಕನ ಜೊತೆ ಮಾತಾದ ಮೇಲೆ ಕಡಿಮೆಯಾಗಬಹುದು. ಆಗದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೊರಗೆ ಹೋಗುವುದಿಲ್ಲ.

ಇದನ್ನು ಓದುತ್ತಿರುವ ಇತರರಿಗೂ ಹೇಳುತ್ತೇನೆ. ಆ ಎರಡು ವರ್ಷಗಳಲ್ಲಿ ಮುಚ್ಚಿದ ಬಾಗಿಲು ಇದೊಂದೇ ಅಲ್ಲ. ಚನ್ನಪಟ್ಟಣದ ಬೀದಿಯಲ್ಲೋ ಮಾಗಡಿಯ ವಠಾರದಲ್ಲೋ ನಿಮ್ಮ ಗೆಳೆಯರೊಬ್ಬರು ಹೀಗೇ ದೂರವಾಗಿದ್ದರೆ, ಮದುವೆಯೋ ಗೃಹಪ್ರವೇಶವೋ ಬರಲೆಂದು ಕಾಯಬೇಡಿ. ಇನ್ನೊಂದು ಕಾಯಿಲೆಯ ಕಾಲ ಬಂದರೆ ದೂರ ಇರಿ, ಮಾಸ್ಕ್ ಹಾಕಿ, ವಯಸ್ಸಾದವರನ್ನು ಕಾಪಾಡಿಕೊಳ್ಳಿ. ದಿನಕ್ಕೊಮ್ಮೆ ಪಕ್ಕದ ಮನೆಯವರ ಹೆಸರು ಹಿಡಿದು ಕೂಗಿ, ಉಂಡಿರಾ ಎಂದು ಕೇಳಿ.

ಸೋದರಿ, ಪತ್ರಿಕೆ ಪ್ರೆಸ್ಸಿನಿಂದ ಬರಲು ಇನ್ನೂ ದಿನ ಹಿಡಿದೀತು. ಅಷ್ಟರೊಳಗೆ, ಇದೇ ವಾರ ಹೋಗಿ ಬನ್ನಿ.