ಒಂದು ಹಾಡು, ಎರಡು ಧಾಟಿ

ಪದ್ಯವು ಕವಿಯ ಕೈಯಿಂದ ಒಮ್ಮೆ ಹುಟ್ಟುತ್ತದೆ; ಹಾಡಾದರೋ ಹಾಡುವವರ ಕಂಠದಲ್ಲಿ ಮತ್ತೆ ಮತ್ತೆ ಹುಟ್ಟುತ್ತದೆ. ಇದಕ್ಕೆ ನಮ್ಮ ನಾಡಗೀತೆಗಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕುವೆಂಪು (1904–1994) ಅವರು ಕರ್ನಾಟಕದ ಏಕೀಕರಣಕ್ಕೆ ಬಹು ಮೊದಲೇ ರಚಿಸಿದ ಈ ಗೀತೆಯನ್ನು ಸರಕಾರವು 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಇದಕ್ಕೆ ಎರಡು ಧಾಟಿಗಳು ಪ್ರಸಿದ್ಧವಾದವು: ಒಂದು ಮೈಸೂರು ಅನಂತಸ್ವಾಮಿಯವರದು, ಇನ್ನೊಂದು ಸಿ. ಅಶ್ವತ್ಥ್ ಅವರದು. ಯಾವುದು ಅಧಿಕೃತವೆಂಬ ವಾದ ವರ್ಷಗಟ್ಟಲೆ ನಡೆಯಿತು, ಸಮಿತಿಗಳು ಕುಳಿತವು. ಕೊನೆಗೆ 2022ರಲ್ಲಿ ಸರಕಾರವು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಪಡಿಸಿತು. ಆ ಆದೇಶವನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟು 2024ರಲ್ಲಿ ತಳ್ಳಿಹಾಕಿತು.

ಸಭೆಯಲ್ಲಿ ನೂರಾರು ಜನ ಕೂಡಿ ಹಾಡುವಾಗ ಧಾಟಿ ಒಂದೇ ಇರಬೇಕೆಂಬುದು ಸರಿಯೇ. ಹಾಗೆಂದು ಇನ್ನೊಂದು ಧಾಟಿ ತಪ್ಪೆನ್ನಲಾಗದು. ಅಮೆರಿಕದ ಕಪ್ಪುಜನರ ಸೋಲ್ ಸಂಗೀತವನ್ನೇ ನೋಡಿರಿ. ಓಟಿಸ್ ರೆಡ್ಡಿಂಗ್ 1965ರಲ್ಲಿ ‘ರೆಸ್ಪೆಕ್ಟ್’ ಎಂಬ ಹಾಡನ್ನು ಬರೆದು ಹಾಡಿದಾಗ, ಅದು ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುವ ಹಾಡಾಗಿತ್ತು. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಕೆಲವು ಮಾತು ಸೇರಿಸಿ ಹಾಡಿದರು. ಅದೇ ಹಾಡು ಹೆಂಗಸಿನ ಹಕ್ಕಿನ ದನಿಯಾಯಿತು. ಹಾಡುವವರು ಯಾರೆಂಬುದರಿಂದ ಹಾಡಿನ ಅರ್ಥವೇ ಬೇರೆಯಾಗುತ್ತದೆ.

ನಾಡಗೀತೆಗೂ ಈ ಮಾತು ಸಲ್ಲುತ್ತದೆ. ಮೈಸೂರಿನವರಿಗೆ ಅದು ಸೊಬಗಿನ ವರ್ಣನೆಯಾಗಿದ್ದೀತು. ನಮ್ಮ ಗಡಿನಾಡಿಗೆ ಅದಕ್ಕಿಂತ ಹೆಚ್ಚಿನದು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು: ಉದಗೀರ ಮೊದಲಾದವು ಮುಂಬಯಿಗೆ, ಜಹೀರಾಬಾದು ಮೊದಲಾದವು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ. ಔರಾದದ ಕಡೆ ಇಂದಿಗೂ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿದ್ದಾರೆ. ಕರ್ನಾಟಕವನ್ನು ಭಾರತಮಾತೆಯ ಮಗಳೆಂದು ಕರೆದು, ಎಲ್ಲ ಮತದವರಿಗೂ ಎಡೆಕೊಡುವ ಈ ಗೀತೆಯಲ್ಲಿ ಅವರಿಗೂ ಪಾಲುಂಟು.

ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗರು. ಫಲಕದ ಮರೆಯಲ್ಲಿ ಕಲಿಯಬೇಕಾಗಿದ್ದ ಭಾಷೆಯಲ್ಲಿ ನಾವು ಬಹಿರಂಗವಾಗಿ ಪದವಿ ಪಡೆಯುತ್ತಿದ್ದೇವೆ. ಆದುದರಿಂದ ಸಹಪಾಠಿಗಳೇ, ಸಮಾರಂಭಗಳಲ್ಲಿ ಮುದ್ರಿತ ಗಾಯನಕ್ಕೆ ಸುಮ್ಮನೆ ನಿಂತರೆ ಸಾಲದು. ಪಲ್ಲವಿಯನ್ನಷ್ಟೇ ಅಲ್ಲ, ಚರಣಗಳನ್ನೂ ಬಾಯಿಪಾಠ ಮಾಡಿ ಹಾಡೋಣ. ಧಾಟಿಯನ್ನು ಸರಕಾರ ಗೊತ್ತುಮಾಡಬಲ್ಲದು. ದನಿಯನ್ನು ಕೊಡಬೇಕಾದವರು ನಾವು.